ಡ್ರೋನಿನ ತಾಯಿಗೆ ರಖಮಾಜಿಯ ಕಾವಲು

ಸಂಕ್ರಾಂತಿ ಕಳೆದಿದೆ, ರಥಸಪ್ತಮಿ ಇನ್ನೂ ಬಂದಿಲ್ಲ. ಟಾಕಳವಾಡಿಯ ಸುತ್ತಲಿನ ಹೊಲಗಳಲ್ಲಿ ಜೋಳ ಹಾಲುಗಾಳಾಗಿ ನಿಂತಿದೆ. ಎಳೆ ತೆನೆಯ ಸೀತನಿ ಸುಡುವ ಹೊಗೆ ಬೆಳಗಿನ ಮಂಜಿನೊಂದಿಗೆ ಬೆರೆತು ಊರ ಮೇಲೆ ಕಂಬಳಿಯ ಹಾಗೆ ಬಿದ್ದುಕೊಂಡಿದೆ. ಶಾಲೆಯ ಹಿಂದಿನ ದಿಬ್ಬದಲ್ಲಿ ರಖಮಾಜಿ ದುಧಾಳ ಮಂಡಿಯೂರಿ ಕೂತು, ಒಂದು ಕಣ್ಣು ಮುಚ್ಚಿ, ಮೂರು ಕಾಲಿನ ಸ್ಟ್ಯಾಂಡಿನ ರಸಮಟ್ಟದೊಳಗಿನ ಗುಳ್ಳೆಯನ್ನೇ ನೋಡುತ್ತಿದ್ದಾರೆ.

ಗುಳ್ಳೆ ನಟ್ಟನಡುವೆ ಬಂದು ನಿಲ್ಲಬೇಕು. ಅದು ನಿಲ್ಲುತ್ತಿಲ್ಲ. ಒಂದು ಕಾಲಿನ ತಿರುಪು ಸಡಿಲಿಸಿದರೆ ಆಚೆ ಓಡುತ್ತದೆ, ಬಿಗಿ ಮಾಡಿದರೆ ಈಚೆ ಓಡುತ್ತದೆ.

“ನಮ್ಮ ಅಳಿಯನಂಗ ಐತಿ ಇದು,” ಎನ್ನುತ್ತಾರೆ ರಖಮಾಜಿ. “ಬಾ ಅಂದ್ರ ಬರೂದಿಲ್ಲ, ಬಂದ್ರ ಹೋಗೂದಿಲ್ಲ.”

ಕೊನೆಗೆ ಗುಳ್ಳೆ ಬಂದು ಕೂರುತ್ತದೆ. ಸ್ಟ್ಯಾಂಡಿನ ತಲೆಯ ಮೇಲೆ ಬಿಳಿ ಡಬ್ಬಿ, ಸರಿಯಾಗಿ ಅದರ ಕೆಳಗೆ ನೆಲದಲ್ಲಿ ಭೂಮಿ ಅಳೆಯುವ ಮೋಜಣಿಯವರು ಹುಗಿದ ಕಲ್ಲು, ಕಲ್ಲಿನ ನಡುವೆ ಒಂದು ಮೊಳೆ. ಮೊಳೆಯಿಂದ ಡಬ್ಬಿಯವರೆಗೆ ಟೇಪು ಹಿಡಿದು ಎತ್ತರವನ್ನು ಎರಡು ಸಲ ಓದಿ ಹೇಳುತ್ತಾರೆ. ಆಚೆ ಅಂಗಳದಲ್ಲಿ ಡ್ರೋನ್ ಹಾರಿಸುವ ಸಾಯಲಿ ಅದನ್ನು ತನ್ನ ಕೈಯಲ್ಲಿನ ಪರದೆಗೆ ತುಂಬಿಸುತ್ತಾಳೆ. ರಖಮಾಜಿ ಡಬ್ಬಿಯ ಗುಂಡಿ ಒತ್ತಿ ಹಿಡಿಯುತ್ತಾರೆ. ದೀಪ ಹಳದಿಯಾಗಿ ಮಿಣುಕುತ್ತದೆ, ತಡವರಿಸುತ್ತದೆ, ಹಸಿರಾಗುತ್ತದೆ.

“ಫಿಕ್ಸ್ ಬಂತು ಮಾಮಾ!” ಎಂದು ಸಾಯಲಿ ಕೂಗುತ್ತಾಳೆ.

ಡ್ರೋನ್ ಗುಂಯ್‌ಗುಡುತ್ತ ಮೇಲೇಳುತ್ತದೆ. ಊರಿಗೆ ಊರೇ ಕತ್ತೆತ್ತುತ್ತದೆ. ಹುಡುಗರು, ಮುದುಕರು, ಹಲ್ಲುಜ್ಜುತ್ತಿದ್ದವರು, ಎಮ್ಮೆ ಹಿಂಡುತ್ತಿದ್ದವರು ಎಲ್ಲರೂ ಆಕಾಶ ನೋಡುತ್ತಾರೆ. ರಖಮಾಜಿ ಮಾತ್ರ ನೆಲ ನೋಡುತ್ತ, ಮುಕ್ಕಾಲಿಯ ಪಕ್ಕದಲ್ಲಿ ಗೋಣಿಚೀಲ ಹಾಸಿಕೊಂಡು ಕೂರುತ್ತಾರೆ. ಅವರ ನೌಕರಿ ಈಗ ಶುರುವಾಗಿದೆ. ಆ ಡಬ್ಬಿಗೆ ಏನೂ ಆಗದಂತೆ ನೋಡಿಕೊಳ್ಳುವುದೇ ಆ ನೌಕರಿ.

ಬೇಸ್ ಎಂದು ಕರೆಯುವ ಈ ಡಬ್ಬಿಯಿಲ್ಲದೆ ಡ್ರೋನಿಗೆ ತಾನೆಲ್ಲಿದ್ದೇನೆ ಎಂಬುದು ಅಂದಾಜಿಗೆ ಮಾತ್ರ ಗೊತ್ತು. ಮಾರುದ್ದ ಆಚೀಚೆ ಆದರೂ ಅದಕ್ಕೆ ಚಿಂತೆಯಿಲ್ಲ. ಬೇಸ್ ನಿಂತಿರುವುದು ಮೊದಲೇ ಅಳೆದಿಟ್ಟ ಕಲ್ಲಿನ ಮೇಲೆ. ಉಪಗ್ರಹಗಳು ಎಷ್ಟು ತಪ್ಪು ಹೇಳುತ್ತಿವೆ ಎಂದು ಅದಕ್ಕೆ ತಿಳಿಯುತ್ತದೆ, ಆ ತಪ್ಪನ್ನು ರೇಡಿಯೊದಲ್ಲಿ ಡ್ರೋನಿಗೆ ಹೇಳುತ್ತಲೇ ಇರುತ್ತದೆ. ಆಗ ಲೆಕ್ಕ ಬೆರಳಗಲಕ್ಕೆ ಬರುತ್ತದೆ. ಆದರೆ ಡಬ್ಬಿ ಬಲು ಸೂಕ್ಷ್ಮ. ಯಾರಾದರೂ ಅಲುಗಾಡಿಸಿದರೆ ಹಟ ಹಿಡಿದು ಮಾತು ನಿಲ್ಲಿಸುತ್ತದೆ, ಮೇಲೇನಾದರೂ ಹೊದಿಸಿದರೆ ಆಕಾಶ ಕಾಣದೆ ಕಂಗಾಲಾಗುತ್ತದೆ. ಅಲ್ಲಿಯವರೆಗಿನ ಹಾರಾಟವೆಲ್ಲ ನೀರಲ್ಲಿ ಹೋಮ.

ಅದಕ್ಕೇ ರಖಮಾಜಿ. ಚಿಕ್ಕವರಿದ್ದಾಗ ಅವರು ಜೋಳದ ಹೊಲದ ಅಟ್ಟಣೆಯ ಮೇಲೆ ಕವಣೆ ಹಿಡಿದು ಹಕ್ಕಿ ಕಾದವರು. ಆಮೇಲೆ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಊರೂರು ಅಲೆದರು, ಬೆನ್ನು ಕೈಕೊಟ್ಟಿತು. ಡ್ರೋನ್ ಮೋಜಣಿಯ ಗುತ್ತಿಗೆಯವರು ಕರೆದು ಕೆಲಸ ಹೇಳಿದಾಗ ನಂಬಲಿಲ್ಲ.

“ಕುಂದ್ರೂದು ಅಷ್ಟೇ ಏನ್ರಿ ಅಂದೆ. ಅಷ್ಟೇ ಅಂದ್ರು. ಮನಿಗೆ ಬಂದು ಹಿರಾಬಾಯಿಗೆ ಹೇಳಿದ್ರ ಆಕಿ, ‘ಹಂಗಾರ ನಿಮಗ ಅನುಭವ ಭಾಳ ಐತಿ’ ಅಂದ್ಲು,” ಎಂದು ಹೆಂಡತಿಯ ಮಾತನ್ನು ಅವರೇ ಹೇಳಿ ಅವರೇ ನಗುತ್ತಾರೆ.

ಕೂರುವುದು ಹೇಳಿದಷ್ಟು ಸುಲಭವಲ್ಲ. ಆಡುಗಳಿಗೆ ಮುಕ್ಕಾಲಿ ಕಂಡರೆ ಬೆನ್ನು ತುರಿಸುತ್ತದೆ. ನಾಯಿಗಳಿಗೆ ಮೂರು ಕಾಲುಗಳ ಪೈಕಿ ಯಾವುದು ಎಂಬ ಯೋಚನೆ. ಒಂದೂರಿನಲ್ಲಿ ಮೊಬೈಲಿಗೆ ರೇಂಜು ಜಾಸ್ತಿ ಮಾಡು ಎಂದು ಜನ ಸುತ್ತಗಟ್ಟಿದ್ದರು. ಇನ್ನೊಂದೂರಿನ ಅಜ್ಜ ಕಳೆದುಹೋದ ಎಮ್ಮೆಯ ಗುರುತು ಹೇಳಿ, ಮೇಲಿಂದ ನೋಡಿಸು ಎಂದು ದುಂಬಾಲು ಬಿದ್ದಿದ್ದ. ಡ್ರೋನ್ ಕೆಳಗಿಳಿಯುವ ತನಕ ರಖಮಾಜಿ ಬಹಿರ್ದೆಸೆಗೂ ಏಳುವಂತಿಲ್ಲ. ಚಹಾ ಕುಡಿಯುವುದನ್ನು ಅವರು ಅದಕ್ಕೇ ಬಿಟ್ಟಿದ್ದಾರೆ. ಮಧ್ಯಾಹ್ನದ ಭಾಕರಿ, ಹಸಿಮೆಣಸಿನಕಾಯಿಯ ಠೇಚಾ ಕೂಡ ಅಲ್ಲೇ ಗೋಣಿಚೀಲದ ಮೇಲೆ.

ಇವತ್ತು ಮಾತ್ರ ಏನೂ ಎಡವಟ್ಟಾಗುವಂತಿಲ್ಲ. ಕಾರಣ ಅನುಸಯಾಬಾಯಿ ಮತ್ತು ಚಂಚಲಾಬಾಯಿ.

ಇಬ್ಬರೂ ಒಂದೇ ಮನೆಗೆ ಸೊಸೆಯರಾಗಿ ಬಂದ ವಾರಗಿತ್ತಿಯರು. ಮನೆ ಎರಡಾಗಿದೆ, ನಡುವೆ ಒಬ್ಬರು ಅಡ್ಡಡ್ಡ ನಡೆಯಬಹುದಾದ ಒಂದು ಸಂದಿ ಉಳಿದಿದೆ. ಬಚ್ಚಲ ನೀರು ಯಾರದು, ಕುಳ್ಳು ಒಟ್ಟುವ ಜಾಗ ಯಾರದು ಎಂದು ಆ ಸಂದಿಯಲ್ಲಿ ಆಗದ ಜಗಳವಿಲ್ಲ. ಡ್ರೋನ್ ಹಾರುವ ಮುಂಚೆ ಎಲ್ಲರೂ ತಮ್ಮ ತಮ್ಮ ಗಡಿಗೆ ಸುಣ್ಣದ ಗೆರೆ ಎಳೆಯಬೇಕು. ಮೇಲಿನಿಂದ ಕಾಣುವ ಆ ಗೆರೆಯ ಪ್ರಕಾರ ಮನೆಗಳ ನಕ್ಷೆ, ಹಕ್ಕಿನ ಕಾರ್ಡು. ಇವತ್ತು ನಸುಕಿನಲ್ಲಿ ಅದೇನು ಪವಾಡವೋ, ಇಬ್ಬರೂ ಒಂದೇ ಬುಟ್ಟಿಯ ಸುಣ್ಣ ಹಿಡಿದು, ಸಂದಿಯ ನಟ್ಟನಡುವೆ ಒಂದೇ ಗೆರೆ ಎಳೆದಿದ್ದಾರೆ.

ಗ್ರಾಮಸೇವಕ ಪಾಂಚಾಳ ದಿಬ್ಬ ಹತ್ತಿ ಬಂದು ಕೈಮುಗಿಯುತ್ತಾರೆ. “ರಖಮಾಜಿ, ಇವತ್ತ ಮುಗೀಬೇಕ್ರಿ. ಸಂಜಿಕ ದನ ಬಂದ್ರ ಗೆರಿ ಅಳಿಸ್ತೈತಿ. ನಾಳೆ ಮತ್ತ ಎಳೀರಿ ಅಂದ್ರ ಆ ಇಬ್ರೂ ಸೇರಿ ನನಗ ಸುಣ್ಣಾ ಬಳೀತಾರ.”

“ನಾ ಕುಂತೀನಲ್ರಿ, ಹೋಗ್ರಿ,” ಎನ್ನುತ್ತಾರೆ ರಖಮಾಜಿ.

ತೊಂದರೆ ಶುರುವಾಗಿದ್ದು ಅವರದೇ ಬಾಯಿಂದ. ಇದೇನು ಎಂದು ಕೇಳಿದವರಿಗೆಲ್ಲ ಉಪಗ್ರಹದ ಕತೆ ಹೇಳಿ ಸಾಕಾಗಿ, ಅವರು ಒಂದು ಸುಲಭದ ಉತ್ತರ ಇಟ್ಟುಕೊಂಡಿದ್ದಾರೆ: “ಇದು ಡ್ರೋನಿನ ತಾಯಿ ನೋಡ್ರಿ. ಮಗಾ ದಾರಿ ತಪ್ಪಬಾರದಂತ ಇಲ್ಲಿಂದ ಕೂಗ್ತಿರತೈತಿ.” ನೀರಿಗೆ ಬಂದ ಒಬ್ಬಳು ಅದನ್ನು ಊರೊಳಗೆ ಒಯ್ದಿದ್ದಾಳೆ. ಮನೆಮನೆಯಲ್ಲೂ ಅರಿಶಿನ ಕುಂಕುಮ ನಡೆಯುವ ದಿನಗಳು. ಊರಿಗೆ ಬಂದ ತಾಯಿಯನ್ನು ಉಡಿ ತುಂಬದೆ ಕಳಿಸುವುದುಂಟೇ?

ಡ್ರೋನ್ ಇನ್ನೂ ಆಕಾಶದಲ್ಲಿದೆ, ಸಂದಿಯ ಕಡೆಗೆ ಇನ್ನೂ ಹೋಗಿಲ್ಲ. ಅಷ್ಟರಲ್ಲಿ ಅನುಸಯಾಬಾಯಿ ತಾಟು ಹಿಡಿದು ದಿಬ್ಬ ಹತ್ತುತ್ತಾರೆ. ತಾಟಿನಲ್ಲಿ ಅಕ್ಕಿ, ತೆಂಗಿನಕಾಯಿ, ಕುಬುಸದ ಕಣ. ಹಿಂದೆಯೇ ಇನ್ನೊಂದು ತಾಟು, ಅದರಲ್ಲಿ ಗೋಧಿ, ಬಾಳೆಹಣ್ಣು, ಕುಂಕುಮ. ಅದು ಚಂಚಲಾಬಾಯಿಯದು.

“ಸರಿರಿ ದಾದಾ, ಉಡಿ ತುಂಬತೀನಿ,” ಎನ್ನುತ್ತಾರೆ ಅನುಸಯಾಬಾಯಿ. ಕುಬುಸದ ಕಣವನ್ನು ಮುಕ್ಕಾಲಿಯ ಸೊಂಟಕ್ಕೆ ಕಟ್ಟುವುದೇ ಅವರ ವಿಚಾರ.

ರಖಮಾಜಿ ಎರಡೂ ಕೈ ಅಗಲಿಸಿ ಅಡ್ಡ ನಿಲ್ಲುತ್ತಾರೆ. “ಮುಟ್ಟಬ್ಯಾಡ್ರಿ ವೈನಿ! ಮುಟ್ಟಂಗಿಲ್ಲ!”

“ಯಾಕ?”

ಯಾಕೆ ಎಂಬುದಕ್ಕೆ ರೇಡಿಯೊ, ಉಪಗ್ರಹ ಎಲ್ಲ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಲ್ಲುತ್ತವೆ. ಅವರ ಬಾಯಿಂದ ಬೀಳುವುದು ಒಂದೇ ಮಾತು: “ಬಾಣಂತಿ ಐತ್ರಿ!”

ಚಂಚಲಾಬಾಯಿಯ ಮುಖ ಕೆಂಪಾಗುತ್ತದೆ. “ಹಸೀ ಬಾಣಂತೀನ ಇಂಥಾ ಥಂಡ್ಯಾಗ ಬಯಲಾಗ ನಿಂದ್ರಿಸೀರೇನು? ತಲಿ ಮ್ಯಾಲ ಒಂದು ಬಟ್ಟಿ ಇಲ್ಲ! ನಿಮಗೂ ಹೆಣ್ಮಕ್ಕಳು ಅದಾರೋ ಇಲ್ಲೋ?” ಎಂದವರೇ ಹೊದ್ದಿದ್ದ ಉಣ್ಣೆಯ ಶಾಲು ತೆಗೆದು ಬಿಳಿ ಡಬ್ಬಿಯ ಕಡೆಗೆ ನುಗ್ಗುತ್ತಾರೆ.

“ಏ ಚಂಚಲಾ, ನಾ ದೊಡ್ಡಾಕಿ. ಮೊದಲ ನಂದು,” ಎಂದು ಅನುಸಯಾಬಾಯಿ ಆಕೆಯ ಮೊಣಕೈ ಹಿಡಿಯುತ್ತಾರೆ.

“ದೊಡ್ಡಾಕಿ! ಬಾಣಂತನದ ಮಾತು ಬಂದಾಗ ನಿಮ್ಮ ದೊಡ್ಡತನ ಎಲ್ಲಿ ಹೋಗಿರತೈತಿ? ನನ್ನ ಬಾಣಂತನದಾಗ ಒಂದು ಹಂಡೆ ನೀರು ಕಾಯಿಸಿ ಕೊಟ್ಟೀರೇನು?”

“ಕಾಯಿಸಿ ಕೊಟ್ಟ ನೀರ ನೀ ಆ ಸಂದ್ಯಾಗ ಚೆಲ್ಲೀದಿ, ನನ್ನ ಕುಳ್ಳೆಲ್ಲಾ ತೊಯ್ಸಿದಿ!”

ಸಂದಿ ಎಂಬ ಮಾತು ಬಂದದ್ದೇ ತಡ, ರಖಮಾಜಿ ಒಮ್ಮೆ ಇಬ್ಬರನ್ನೂ, ಒಮ್ಮೆ ಹಸಿರು ದೀಪವನ್ನೂ ನೋಡುತ್ತಾರೆ. ಗೆರೆ ಸುಣ್ಣದ್ದು, ಆದರೆ ಅದು ನಿಂತಿರುವುದು ಈ ಇಬ್ಬರ ಮನಸ್ಸಿನ ಮೇಲೆ. ಆ ಮನಸ್ಸು ಈಗ ಮುಕ್ಕಾಲಿಯಿಂದ ಗೇಣು ದೂರದಲ್ಲಿ ಎಳೆದಾಡುತ್ತಿದೆ.

ಆಚೆಯಿಂದ ಸಾಯಲಿ ಕೂಗುತ್ತಾಳೆ: “ಮಾಮಾ, ಸಂದಿ ಕಡೆ ಹೊಂಟೈತಿ! ಏನಾರ ಮಾಡಿ ಅವರನ್ನ ತಡೀರಿ, ಸ್ವಲ್ಪ ಹೊತ್ತು!”

ರಖಮಾಜಿ ಹೆಗಲ ಮೇಲಿನ ಟವೆಲ್ಲು ಎಳೆದುಕೊಳ್ಳುತ್ತಾರೆ. ಡಬ್ಬಿಗೆ ಬೆನ್ನು ಕೊಟ್ಟು ಗೋಣಿಚೀಲದ ಮೇಲೆ ಚಕ್ಕಳಮಕ್ಕಳ ಕೂತು, ಟವೆಲ್ಲಿನ ಎರಡು ತುದಿ ಹಿಡಿದು, ಮುತ್ತೈದೆ ಸೆರಗು ಒಡ್ಡುವಂತೆ ಒಡ್ಡುತ್ತಾರೆ.

“ಬಾಣಂತಿ ಪರವಾಗಿ ನನಗ ತುಂಬ್ರಿ,” ಎನ್ನುತ್ತಾರೆ. “ನಾ ಆಕಿ ತವರಿನಾಂವ.”

ದಿಬ್ಬದ ಕೆಳಗೆ ನೆರೆದಿದ್ದವರ ಕತ್ತು ಮೊದಲ ಸಲ ಆಕಾಶದಿಂದ ಇಳಿದು ರಖಮಾಜಿಯ ಕಡೆ ತಿರುಗುತ್ತದೆ. ಬಿಳಿ ಮೀಸೆ, ತಲೆಗೆ ಸುತ್ತಿದ ಕೆಂಪು ಪಾಗು, ಒಡ್ಡಿದ ಉಡಿ. ಯಾರೋ ಸಿಳ್ಳೆ ಹೊಡೆಯುತ್ತಾರೆ.

“ಎಷ್ಟನೇ ತಿಂಗಳೋ ಮಾಮಾ?” ಎಂದು ಗುಂಪಿನೊಳಗಿಂದ ಒಬ್ಬ ಕೂಗುತ್ತಾನೆ.

“ನಿಮ್ಮಪ್ಪನ್ನ ಕೇಳು,” ಎನ್ನುತ್ತಾರೆ ರಖಮಾಜಿ, ಅಲುಗದೆ.

ಅನುಸಯಾಬಾಯಿಗೆ ಮೊದಲು ನಗು ಬರುತ್ತದೆ. ತಡೆಯಲು ಹೋಗಿ ತಾಟು ನಡುಗುತ್ತದೆ. ಅದನ್ನು ನೋಡಿ ಚಂಚಲಾಬಾಯಿ ಬಾಯಿಗೆ ಸೆರಗು ಹಿಡಿಯುತ್ತಾರೆ. ಮೊದಲು ಯಾರು ಎಂಬ ಮಾತು ನಗೆಯಲ್ಲೇ ಎಲ್ಲೋ ಬಿದ್ದುಹೋಗುತ್ತದೆ. ಒಬ್ಬರು ಬಲಗಡೆ, ಒಬ್ಬರು ಎಡಗಡೆ ಕೂತು ಇಬ್ಬರೂ ಒಟ್ಟಿಗೇ ತುಂಬುತ್ತಾರೆ. ಅಕ್ಕಿಯೊಳಗೆ ಗೋಧಿ, ಗೋಧಿಯ ಮೇಲೆ ಕಾಯಿ, ಕಾಯಿಯ ಮೇಲೆ ಬಾಳೆಹಣ್ಣು, ಹಣೆಯ ತುಂಬ ಕುಂಕುಮ. ಬಾಣಂತಿಗೆ ಅಳವಿ ಉಂಡಿ ಕಟ್ಟಿ ಕೊಡ್ರಿ, ಬಿಸಿನೀರು ತಪ್ಪಿಸಬ್ಯಾಡ್ರಿ ಎಂದು ಇಬ್ಬರೂ ಪೈಪೋಟಿಯಲ್ಲಿ ಹೇಳುತ್ತಾರೆ. ರಖಮಾಜಿ ಎಲ್ಲದಕ್ಕೂ ಹೂಂಗುಟ್ಟುತ್ತಾರೆ. ಅವರ ಬೆನ್ನ ಹಿಂದೆ ಹಸಿರು ದೀಪ ಒಂದೇ ಸಮನೆ ಉರಿಯುತ್ತಿದೆ.

ಡ್ರೋನ್ ಸಂದಿಯ ಮೇಲೆ ಹೋಗಿ, ತಿರುಗಿ ಬಂದು, ಅಂಗಳಕ್ಕಿಳಿಯುತ್ತದೆ. ಜನ ಹೋ ಎಂದು ಅತ್ತ ಓಡುತ್ತಾರೆ, ಇಬ್ಬರು ವಾರಗಿತ್ತಿಯರೂ ಖಾಲಿ ತಾಟು ಹಿಡಿದು ಓಡುತ್ತಾರೆ. ಸಾಯಲಿ ಫೋಟೊಗಳನ್ನು ಪರೀಕ್ಷಿಸಿ, ದಿಬ್ಬ ಹತ್ತಿ ಬಂದು ಪರದೆಯನ್ನು ರಖಮಾಜಿಯ ಮುಂದೆ ಹಿಡಿಯುತ್ತಾಳೆ. ಎರಡು ತಗಡಿನ ಮಾಡುಗಳ ನಡುವೆ ಬಿಳಿ ದಾರದಂಥ ಗೆರೆ ಇದೆ.

“ಒಂದು ಫೋಟೊನೂ ತಪ್ಪಿಲ್ಲ ಮಾಮಾ. ಆದ್ರ ನಿಮ್ಮ ಫೋಟೊ ಮೇಲಿಂದ ಬಂದಿಲ್ಲ, ಅದೊಂದ ಬ್ಯಾಸರ.”

“ಬರಲಿಲ್ಲಲ್ಲ, ಪುಣ್ಯ. ಬಂದಿದ್ರ ಅವರ ಹಕ್ಕಿನ ಕಾರ್ಡಿನ ಮ್ಯಾಲ ಅಚ್ಚು ಹಾಕಿ ಕೊಡ್ತಿದ್ರಿ.”

ಜೀಪು ಊರು ದಾಟಿ ಹೊಲಗಳ ನಡುವೆ ಬಂದಾಗ ಹಿರಾಬಾಯಿಯ ಫೋನು. ರಖಮಾಜಿ ಸ್ಪೀಕರಿಗೆ ಹಾಕಿ ನಡೆದದ್ದನ್ನು ಹೇಳುತ್ತಾರೆ. ಆಚೆಯಿಂದ ಮೊದಲು ಉದ್ದನೆಯ ನಗು, ಆಮೇಲೆ ಗಾಬರಿ.

“ಅಲ್ರಿ, ಉಡಿ ತುಂಬಿದ ಮ್ಯಾಲ ಅದರಾಗಿನ ಒಂದು ಚಿಟಿಗಿ ಕಾಳು ತಿರುಗಿ ಅವರ ತಾಟಿಗೆ ಹಾಕಿದ್ರ್ಯೋ ಇಲ್ಲೋ?”

“ಹಾಕಬೇಕಿತ್ತೇನು?”

“ಅಯ್ಯ ನನ್ನ ಶಿವನ! ತಿರುಗಿ ಹಾಕದ ಹಂಗ ಎದ್ದು ಬರ್ತಾರೇನ್ರಿ? ಇಬ್ರು ಹೆಣ್ಮಕ್ಕಳ ಋಣ ಹೊತ್ಗೊಂಡು ಬಂದ್ರಲ್ಲ!”

ಸಾಯಲಿ ಡ್ರೈವರನ ಹೆಗಲು ತಟ್ಟುತ್ತಾಳೆ. ಅವನು ಜೀಪು ನಿಧಾನಿಸಿ, ತಿರುಗಿಸಲೇ ಎಂಬಂತೆ ಕನ್ನಡಿಯಲ್ಲಿ ನೋಡುತ್ತಾನೆ.

“ಬ್ಯಾಡಪಾ, ನಡಿ,” ಎನ್ನುತ್ತಾರೆ ರಖಮಾಜಿ. ತೊಡೆಯ ಮೇಲಿನ ಟವೆಲ್ಲಿನ ಗಂಟನ್ನು ಬಿಚ್ಚಿ, ಬೆರೆತ ಅಕ್ಕಿ ಗೋಧಿಯನ್ನು ಒಂದಿಷ್ಟು ಹೊತ್ತು ನೋಡುತ್ತಾರೆ. ಕಾಳೊಂದೂ ಚೆಲ್ಲದಂತೆ ಮತ್ತೆ ಬಿಗಿಯುತ್ತಾರೆ. “ಇಷ್ಟು ಊರು ಕಾದೀನಿ, ಕಾದ ಊರಿಗೆ ಎರಡನೇ ಸಲ ಹೋಗಾಕ ಯಾವತ್ತೂ ಒಂದು ನೆವ ಇರಲಿಲ್ಲ. ಇದೊಂದು ಬಾಕಿ ಇರ್ಲಿ. ಅವರ ಕಾರ್ಡು ಬಂದ ಮ್ಯಾಲ ಹೋಗಿ ಚಿಟಿಗಿ ಕಾಳು ಕೊಟ್ಟು, ಆ ಸಂದ್ಯಾಗ ಒಂದ್ಸಲ ಅಡ್ಡಡ್ಡ ನಡದು ಬರ್ತೀನಿ.”