ಕೋರ್ ಶಾಪಿನ ಹೆಣ್ಣುಮಕ್ಕಳು

ಅಣ್ಣ ತೀರಿಕೊಂಡ ಮೇಲೆ ಅವನ ಹೆಂಡತಿ, ನನ್ನ ವೈನಿ, ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಕೆಲಸಕ್ಕೆ ಸೇರಿದಳು. ನಾನು ಹತ್ತನೆಯ ಇಯತ್ತೆ ಮುಗಿಸಿ, ಮದುವೆಯೂ ಕೂಡಿಬರದೆ ಮನೆಯಲ್ಲಿ ಕೂತಿದ್ದೆ. ಒಂದು ಮುಂಜಾನೆ ಅವಳು ನನ್ನ ಬುತ್ತಿಯನ್ನೂ ಕಟ್ಟಿ, "ನಡಿ, ನಿನಗೂ ಒಂದು ಜಾಗಾ ಕೇಳೀನಿ" ಅಂದಳು. ಹೀಗೆ ನಾನು ಕಬ್ಬಿಣದ ಕಾರ್ಖಾನೆಗೆ ಬಿದ್ದೆ.

ಖಾನಾಪುರದಿಂದ ಮುಂಜಾನೆಯ ಪ್ಯಾಸೆಂಜರ್ ಗಾಡಿ ಹಿಡಿಯುತ್ತಿದ್ದೆವು. ಡಬ್ಬಿಯ ತುಂಬ ನಮ್ಮಂಥವರೇ. ಮರಾಠಿಯಲ್ಲಿ ಶುರುವಾದ ಜಗಳ ದೇಸೂರು ದಾಟುವಷ್ಟರಲ್ಲಿ ಕನ್ನಡಕ್ಕೆ ಬಂದಿರುತ್ತಿತ್ತು. ಬೆಳಗಾವಿಯಲ್ಲಿ ಇಳಿದು, ರೈಲ್ವೆಯ ಮೂರನೇ ಗೇಟಿನ ಕಡೆ ಸಾಗಿ, ಉದ್ಯಮಬಾಗದ ಹೊಗೆಯೊಳಗೆ ಹೊಕ್ಕರೆ ಮತ್ತೆ ಸಂಜೆಯ ಗಾಡಿಗೇ ಹೊರಗೆ.

ನಮ್ಮದು ಕೋರ್ ಶಾಪು. ಪಂಪಿನ ಎರಕದ ಒಳಗೆ ನೀರು ಹರಿಯಲು ಪೊಳ್ಳು ಬೇಕಲ್ಲ, ಆ ಪೊಳ್ಳಿನ ಆಕಾರದ ಉಸುಕಿನ ಗಟ್ಟಿಯನ್ನು ಮೊದಲೇ ಮಾಡಿ ಅಚ್ಚಿನೊಳಗೆ ಇಡುತ್ತಾರೆ. ಅದಕ್ಕೆ ಕೋರ್ ಅನ್ನುತ್ತಿದ್ದರು. ಉಸುಕಿಗೆ ಕಾಕಂಬಿ ಕಲಸಿ, ಪೆಟ್ಟಿಗೆಯಲ್ಲಿ ಒತ್ತಿ ತುಂಬಿ, ಮೆಲ್ಲಗೆ ಬಿಡಿಸಿ, ಭಟ್ಟಿಯಲ್ಲಿ ಬೇಯಿಸುವುದು. ಅದನ್ನು ಮಾಡುವವರೆಲ್ಲ ಹೆಂಗಸರು. ಪಕ್ಕದ ಶೆಡ್ಡಿನಲ್ಲಿ ಅಚ್ಚು ಹಾಕುವ ಮೋಲ್ಡರುಗಳು, ಕಾದ ಕಬ್ಬಿಣ ಹೊಯ್ಯುವವರು, ಎರಕ ತಿಕ್ಕುವವರು, ಎಲ್ಲರೂ ಗಂಡಸರು. ನಮಗಿಂತ ಅವರ ಪಗಾರ ಬಹಳ ಹೆಚ್ಚು.

ಆ ವರ್ಷಗಳಲ್ಲಿ ಗಂಡಸರು ಒಬ್ಬೊಬ್ಬರಾಗಿ ಕೆಲಸ ಬಿಡತೊಡಗಿದರು. ನಮ್ಮ ಕಡೆಯ ಹುಡುಗರಿಗೆ ಗೋವಾ ಹತ್ತಿರ. ಹೋಟೆಲಿನಲ್ಲಿ ತಾಟು ತೊಳೆದರೂ ಇದಕ್ಕಿಂತ ಚಲೋ, ಕಾಲಿನ ಮೇಲೆ ಕಬ್ಬಿಣ ಬೀಳುವುದಿಲ್ಲ ಅನ್ನುತ್ತಿದ್ದರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಒಬ್ಬ ಮೋಲ್ಡರನ ಪಾದ ಸುಟ್ಟಾಗ ಮಾಲಕರು ದವಾಖಾನೆಗೆ ಕಳಿಸಿದರು, ಆದರೆ ಬೂಟು ಮಾತ್ರ ಯಾರಿಗೂ ಬರಲಿಲ್ಲ.

ಮಾಲಕರು ಕೆಟ್ಟ ಮಾತು ಆಡುವವರಲ್ಲ. ಹಿಂದವಾಡಿಯ ಮನೆಯಿಂದ ವಿಭೂತಿ ಹಚ್ಚಿಕೊಂಡು ಬಂದು, ಎಲ್ಲರಿಗೂ ಕೈಮುಗಿದೇ ಒಳಗೆ ಹೋಗುತ್ತಿದ್ದರು. ಮುದುಕಿಯರಿಗೆ 'ಅವ್ವಾರ', ವೈನಿಯಂಥವರಿಗೆ 'ಅಕ್ಕಾರ' ಅನ್ನುತ್ತಿದ್ದರು. ಅದಕ್ಕೇ ನನಗೆ ಅವರ ಮೇಲೆ ಸರಿಯಾಗಿ ಸಿಟ್ಟು ಬರಲು ಎಷ್ಟೋ ವರ್ಷ ಹಿಡಿಯಿತು.

ಒಂದು ಸಲ ಗಣಪತಿ ಹಬ್ಬಕ್ಕೆ ಊರಿಗೆ ಹೋದ ಮೋಲ್ಡರುಗಳು ಹಬ್ಬ ಮುಗಿದರೂ ಬರಲಿಲ್ಲ. ಕಬ್ಬಿಣ ಕರಗಿಸುವುದಕ್ಕೆ ಎಲ್ಲ ತಯಾರಿತ್ತು, ಹೊಯ್ಯಲು ಅಚ್ಚು ಇರಲಿಲ್ಲ. ಕೆಲಸ ನೋಡಿಕೊಳ್ಳುವ ಮಿಸ್ತ್ರಿ ನಮ್ಮ ಖೋಲಿಗೆ ಬಂದು, "ಯಾರರ ಕೈ ಹಚ್ತೀರೇನವಾ?" ಅಂದ. ವೈನಿ ಸೆರಗು ಸಿಕ್ಕಿಸಿ ಎದ್ದಳು. ನಾವೂ ಹಿಂದೆ ಹೋದೆವು. ಆ ವಾರವೆಲ್ಲ ನಾವೇ ಅಚ್ಚು ಹಾಕಿದೆವು. ಕೆಲವು ಕೆಟ್ಟವು, ಬಹಳಷ್ಟು ಪಾಸಾದವು. ಸಂಜೆ ಗಾಡಿಯಲ್ಲಿ ತೋಳು ಎತ್ತಲಾಗದೆ ಕೂತರೂ ಎಲ್ಲರೂ ನಗುತ್ತಿದ್ದೆವು. ಅಣ್ಣ ಹೋದ ಮೇಲೆ ವೈನಿ ಅಷ್ಟು ನಕ್ಕಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಗಂಡಸರಲ್ಲಿ ಅರ್ಧ ಮಂದಿ ತಿರುಗಿ ಬಂದರು. ನಾವು ಉಸುಕಿನ ಪೆಟ್ಟಿಗೆಗೆ ಮರಳಿದೆವು.

ಸ್ವಲ್ಪ ದಿನಗಳಲ್ಲಿ ಮಾಲಕರು ಎಲ್ಲರನ್ನೂ ಅಂಗಳದಲ್ಲಿ ಕೂಡಿಸಿದರು. "ಏನ್ ಮಾಡೂದ್ರೀ, ಆಳು ಸಿಗವಲ್ರು. ಆರ್ಡರ್ ಕೈಯಾಗ ಐತಿ, ಕೆಲಸಾ ಮಾಡಾಕ ಮಂದಿಲ್ಲ. ಇನ್ಮ್ಯಾಲ ಆಟೋಮ್ಯಾಟಿಕ್ ಮಷೀನ್ ತರಲಿಲ್ಲಂದ್ರ ಕಾರ್ಖಾನಿ ಉಳಿಯೂದಿಲ್ಲ," ಅಂದರು.

ವೈನಿ ಎದ್ದು ನಿಂತಳು.

"ಸಾಹೇಬ್ರ, ನಾವು ಅದೀವಲ್ರೀ. ಹಬ್ಬದಾಗ ನಾವೇ ಮೋಲ್ಡಿಂಗ್ ಮಾಡಿದ್ವಿ. ನಮಗ ಕಲಿಸಿಕೊಡ್ರಿ, ಕಾಯಂ ಮಾಡ್ತೀವಿ. ಗಂಡಸರ ಪಗಾರ ಕೊಟ್ರ ಖಾನಾಪುರದಿಂದ ಇನ್ನೂ ಮಂದಿ ಕರಕೊಂಡು ಬರ್ತೀನಿ."

ಮಾಲಕರು ನಗಲಿಲ್ಲ, ಸಿಟ್ಟಾಗಲೂ ಇಲ್ಲ. "ಅಕ್ಕಾರ, ನಿಮ್ಮ ಮನಸ್ಸು ದೊಡ್ಡದು. ಆದ್ರ ಅದು ಹೆಣ್ಣುಮಕ್ಕಳ ಕೆಲಸ ಅಲ್ಲ. ನಾಳೆ ಏನರ ಹೆಚ್ಚುಕಡಿಮಿ ಆದ್ರ ನಾ ಯಾರಿಗೆ ಮುಖಾ ತೋರಸ್ಲಿ? ಕುಂದರ್ರಿ."

ಗಂಡಸರಲ್ಲಿ ಯಾರೋ ಕೆಮ್ಮಿದರು. ವೈನಿ ಕೂತಳು. ಆ ಅಂಗಳದಲ್ಲಿ ಕೆಲಸ ಬೇಕೆಂದು ನಿಂತವಳು ಎದುರಿಗಿದ್ದಳು, ಆಳಿಲ್ಲವೆಂಬ ಮಾತೂ ಹಾಗೇ ಉಳಿಯಿತು.

ಮಷೀನು ಕೊಯಮತ್ತೂರಿನಿಂದ ಲಾರಿಯಲ್ಲಿ ಬಂತು. ಅಚ್ಚು ಹಾಕುವ ಮಷೀನೇ ಬರುತ್ತದೆಂದು ಎಲ್ಲರೂ ತಿಳಿದಿದ್ದೆವು, ಕೊರತೆ ಇದ್ದದ್ದು ಅಲ್ಲಿ. ಮೇಲೆ ಹೊದಿಸಿದ್ದ ತಾಡಪತ್ರಿ ಬಿಚ್ಚಿದಾಗ ಮಿಸ್ತ್ರಿ ನಮ್ಮ ಮುಖ ನೋಡದೆ ಹೇಳಿದ. ಅಚ್ಚಿನ ಮಷೀನಿಗೆ ಬಹಳ ದುಡ್ಡು ಬೀಳುತ್ತದಂತೆ, ಅದಕ್ಕೆ ಸದ್ಯಕ್ಕೆ ಕೋರ್ ಮಾಡುವ ಮಷೀನು ತಂದಿದ್ದಾರಂತೆ. ಗಾಳಿಯ ಒತ್ತಡದಿಂದ ಉಸುಕನ್ನು ಪೆಟ್ಟಿಗೆಗೆ ಊದುವ ಮಷೀನು. ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಕೋರ್. ಯಾರೂ ಬಿಟ್ಟುಹೋಗದಿದ್ದ, ಒಬ್ಬರೂ ಕಡಿಮೆಯಿರದಿದ್ದ ಒಂದೇ ಒಂದು ಖೋಲಿಗೆ ಅದು ಬಂದಿತ್ತು.

ಪೂಜೆಗೆ ಮಾಲಕರ ಮನೆಯವರು ಬಂದಿದ್ದರು. ಆರತಿಗೆ ಕಾರ್ಖಾನೆಯ ಹೆಣ್ಣುಮಕ್ಕಳೇ ಬರಲಿ ಅಂದರು ಮಾಲಕರ ಹೆಂಡತಿ, ಪ್ರೀತಿಯಿಂದಲೇ. ಎಲ್ಲರಿಗಿಂತ ಹಳಬಳು ವೈನಿ. ಅವಳ ಕಡೆ ಒಮ್ಮೆ ನೋಡಿ, ಅವರು ಆರತಿಯ ತಾಟನ್ನು ನನ್ನ ಕೈಗೆ ಕೊಟ್ಟರು. ವೈನಿ ತಾನಾಗಿಯೇ ಗೋಡೆಯ ಕಡೆ ಸರಿದಳು. ನಾನು ಆ ಹಸಿರು ಬಣ್ಣದ ಮಷೀನಿಗೆ ಕುಂಕುಮ ಹಚ್ಚಿ ಬೆಳಗಿದೆ. ಪೇಡೆ ಹಂಚಿದರು. ನನ್ನದನ್ನು ನಾನು ತಿನ್ನಲಿಲ್ಲ ಎಂದು ಬರೆಯಬೇಕೆನಿಸುತ್ತದೆ, ಆದರೆ ತಿಂದೆ. ಚಲೋ ಇತ್ತು.

ಹುಬ್ಬಳ್ಳಿ ಕಡೆಯ ಐಟಿಐ ಕಲಿತ ಇಬ್ಬರು ಮಷೀನಿಗೆ ಬಂದರು. ನಮ್ಮಲ್ಲಿ ಹೆಚ್ಚಿನವರನ್ನು ಆ ತಿಂಗಳಲ್ಲೇ ಬಿಡಿಸಿದರು. ಉಳಿದವರಿಗೆ ಮಿಸ್ತ್ರಿ, "ತಿಕ್ಕೂ ಶೆಡ್ಡಿನಾಗ ಮಂದಿ ಕಮ್ಮಿ ಅದಾರ, ಅಲ್ಲಿ ಬರ್ತೀರೇನು?" ಎಂದು ಕೇಳಿದ. ಎರಕದ ಅಂಚನ್ನು ತಿರುಗುವ ಕಲ್ಲಿಗೆ ಹಿಡಿದು ತಿಕ್ಕುವ ಜಾಗ ಅದು. ಕಬ್ಬಿಣದ ಪುಡಿ, ಸುಟ್ಟ ಉಸುಕಿನ ಧೂಳು. ಗಂಡಸರೇ ನಿಲ್ಲದೆ ಓಡಿಹೋದ ಜಾಗ. ಅಚ್ಚು ಹಾಕುವುದು ಹೆಣ್ಣುಮಕ್ಕಳ ಕೆಲಸವಾಗಿರಲಿಲ್ಲ, ಇದು ಆಯಿತು. ಪಗಾರ ಮಾತ್ರ ಹೆಂಗಸರದೇ, ಅದೂ ಗುತ್ತಿಗೆಯವನ ಕೈಯಿಂದ.

"ಬ್ಯಾಡ ವೈನಿ," ಅಂದೆ ಗಾಡಿಯಲ್ಲಿ.

"ಸಾಲಿಗೆ ಹೋಗೂ ಎರಡು ಹುಡುಗರು ಅದಾವ. ಬ್ಯಾಡ ಅನ್ನಾಕ ನನಗೇನ್ ಐತಿ?" ಅಂದಳು ಅವಳು, ಕಿಟಕಿಯ ಕಡೆ ನೋಡುತ್ತ.

ನಾನು ಕೆಲವು ತಿಂಗಳು ಅಲ್ಲಿ ನಿಂತೆ. ಮೂಗಿಗೆ ಕಟ್ಟಿಕೊಂಡ ಅರಿವೆ ಮಧ್ಯಾಹ್ನಕ್ಕೇ ಕಪ್ಪಾಗುತ್ತಿತ್ತು. ಆಮೇಲೆ ಬಿಟ್ಟು ಖಾನಾಪುರ ಪೇಟೆಯ ಒಂದು ಟೇಲರಿಂಗ್ ಅಂಗಡಿಯಲ್ಲಿ ಝಂಪರ್ ಹೊಲಿಯಲು ಕೂತೆ. ವೈನಿ ಹೋಗುತ್ತಲೇ ಇದ್ದಳು. ಹೊಸ ಮಷೀನು ನೋಡಲು ಬೇರೆ ಕಾರ್ಖಾನೆಯವರು ಬರುತ್ತಾರೆ, ಮಾಲಕರು ಅವರಿಗೆ ಚಹಾ ಕೊಟ್ಟು ಆಳಿನ ತ್ರಾಸು ಹೇಗೆ ಕಳೆಯಿತು ಎಂದು ತಿಳಿಸಿ ಹೇಳುತ್ತಾರೆ ಎಂದು ಅವಳೇ ಹೇಳಿದಳು. ಅತ್ತ ಮೋಲ್ಡಿಂಗಿನಲ್ಲಿ ಇನ್ನೂ ಇಬ್ಬರು ಗೋವಾಕ್ಕೆ ಹೋಗಿದ್ದರು.

ಒಂದು ಮಳೆಗಾಲ ಮಾಲಕರ ಕಾರು ನಮ್ಮ ಓಣಿಗೆ ಬಂತು. ವೈನಿ ಆಗ ಕೆಮ್ಮಿಗೆಂದು ರಜೆ ಹಾಕಿದ್ದಳು. ಮಷೀನು ಕೆಟ್ಟಿದೆ, ಕೊಯಮತ್ತೂರಿನ ಮನುಷ್ಯ ಬರುವುದು ತಡ, ಗಿರಾಕಿ ತಾಳುತ್ತಿಲ್ಲ ಅಂದರು. "ಅಕ್ಕಾರ, ಹಳೇ ಪೆಟ್ಟಿಗಿ ಎಲ್ಲಾ ಹಂಗ ಇಟ್ಟೀನಿ. ನೀವು ಬಂದ್ರ ಕಾರ್ಖಾನಿ ಉಳೀತದ."

ಹೋಗಬಾರದು ಎಂದು ನಾನು ಅಡುಗೆಮನೆಯಲ್ಲಿ ಅವಳ ಕೈ ಹಿಡಿದು ಹೇಳಿದೆ. ಅವಳು ಹೋದಳು. ಹಳೆಯ ಗೆಳತಿಯರನ್ನು ಕರೆದುಕೊಂಡೇ ಹೋದಳು. ಖುಷಿಯಿಂದ ಹೋದಳು, ಅದನ್ನೇ ನನಗೆ ಇವತ್ತಿಗೂ ನುಂಗಲಾಗುವುದಿಲ್ಲ. ಮಷೀನು ರಿಪೇರಿಯಾದ ದಿನ ಎಲ್ಲರಿಗೂ ಒಂದೊಂದು ಸೀರೆ ಕೊಟ್ಟು ಕಳಿಸಿದರು. ವೈನಿ ಮತ್ತೆ ತಿಕ್ಕುವ ಶೆಡ್ಡಿಗೆ ಹೋದಳು.

ಮುಂದಿನ ವರ್ಷ ಅವಳಿಗೆ ನಾಲ್ಕು ಮೆಟ್ಟಿಲು ಏರಿದರೂ ದಮ್ಮು ಬರತೊಡಗಿತು. ಗುತ್ತಿಗೆಯವನು ನಾಳೆಯಿಂದ ಬರಬೇಡ ಅಂದ. ಡಾಕ್ಟರು ಎದೆಯ ಫೋಟೋ ನೋಡಿ, ಪುಪ್ಪುಸದೊಳಗೆ ಧೂಳು ಕೂತಿದೆ, ಹೋಗುವುದಿಲ್ಲ, ಹೆಚ್ಚದಂತೆ ನೋಡಿಕೊಳ್ಳಿ ಅಂದರು. ಔಷಧಕ್ಕಾದರೂ ಏನಾದರೂ ಮಾಡಿ ಎಂದು ಕೇಳಲು ನಾನು ಒಬ್ಬಳೇ ಕಾರ್ಖಾನೆಗೆ ಹೋದೆ.

ಮಾಲಕರು ಎದ್ದು ನಿಂತು ಕುರ್ಚಿ ಕೊಟ್ಟರು, ಚಹಾ ತರಿಸಿದರು. ನಾನು ಹೇಳಿದ್ದನ್ನೆಲ್ಲ ಕೇಳಿ, "ಪಾಪ, ಭಾಳ ಕಷ್ಟದ ಹೆಣ್ಣುಮಗಳು," ಎಂದು ನಿಜವಾಗಿಯೇ ನೊಂದುಕೊಂಡರು. ಆಮೇಲೆ, "ಆದ್ರ ತಂಗಿ, ಆಕಿ ಗುತ್ತಿಗಿಯವನ ಆಳು. ನನ್ನ ಕೈಯಾಗ ಏನೂ ಇಲ್ಲ," ಅಂದರು. ಬಾಗಿಲ ತನಕ ಬಂದು ಬೀಳ್ಕೊಡುವಾಗ ದನಿ ತಗ್ಗಿಸಿ ಕೇಳಿದರು: "ನಿಮ್ಮ ಖಾನಾಪುರ ಕಡೆ ಯಾರರ ಇದ್ರ ಹೇಳವಾ. ತಿಕ್ಕಾಕ ಮಂದೀನ ಸಿಗವಲ್ರು."

ಮನೆಗೆ ಬಂದಾಗ ವೈನಿ ಹೊರಸಿನ ಮೇಲೆ ಗೋಡೆಗೆ ಆನಿಕೊಂಡು ಕೂತಿದ್ದಳು. "ಏನಂದ್ರು ಸಾಹೇಬ್ರು?" ಎಂದು ಕೇಳಿದಳು.

"ನಿನ್ನ ಭಾಳ ನೆನಸಿದ್ರು," ಅಂದೆ.

ಅವಳ ಮುಖ ಅರಳಿತು. "ಮನಷ್ಯಾ ಚಲೋ," ಅಂದಳು.