ಅಕ್ಕನ ಕೈಗೆ ಕೊಟ್ಟ ಲಿಂಗ

ನಮ್ಮ ಮನೆತನದಲ್ಲಿ ಕೊರಳಿನ ಲಿಂಗ ಮೈಯಿಂದ ಬೇರೆಯಾಗಬಾರದು. ಹೆರಿಗೆಯ ಹೊತ್ತಿನಲ್ಲೂ ನಾನು ತೆಗೆದಿರಲಿಲ್ಲ. ಲಿಂಗ ಎದೆಯ ಮೇಲಿಲ್ಲದಾಗ ಗುಟುಕು ನೀರೂ ಕುಡಿಯಬಾರದೆಂದು ಅವ್ವ ಕಲಿಸಿದ್ದಳು. ಹಾಗಾಗಿ ಸಿಂಧನೂರಿನ ಡಾಕ್ಟರರು ನನ್ನ ತಲೆಸುತ್ತಿಗೆ ಸ್ಕ್ಯಾನ್ ಆಗಬೇಕು, ಮೈಮೇಲಿನ ಲೋಹವನ್ನೆಲ್ಲ ತೆಗೆಯಬೇಕು ಎಂದಾಗ ನನಗೆ ಮೊದಲು ಹೊಳೆದದ್ದು ತಾಳಿಯಲ್ಲ, ಬೆಳ್ಳಿಯ ಕರಡಿಗೆಯೊಳಗಿನ ಲಿಂಗ.

ಇನ್ನೊಂದು ಚಿಂತೆ ಆ ಯಂತ್ರದ್ದು. ಕೊಳವೆಯಂಥದ್ದರಲ್ಲಿ ಮಲಗಿಸಿ ಒಳಕ್ಕೆ ತಳ್ಳುತ್ತಾರೆಂದು ಪಕ್ಕದ ಮನೆಯವರು ಹೇಳಿದ್ದರು. ನನಗೆ ಮುಚ್ಚಿದ ಜಾಗ ಆಗುವುದಿಲ್ಲ. ಚಿಕ್ಕವಳಿದ್ದಾಗ ಲಿಂಗಸುಗೂರಿನ ತವರಿನಲ್ಲಿ ಅಡಗುವ ಆಟ ಆಡುತ್ತ ಜೋಳದ ಖಾಲಿ ಕಣಜದೊಳಗೆ ಇಳಿದಿದ್ದೆ. ಯಾರೋ ನೋಡದೆ ಮುಚ್ಚಳ ಎಳೆದರು. ಕೂಗಿ ಕೂಗಿ ದನಿ ಬಿದ್ದುಹೋದ ಮೇಲೆ ಮುಚ್ಚಳ ಸರಿಸಿ ನನ್ನನ್ನು ಎತ್ತಿಕೊಂಡವಳು ಅಕ್ಕ. ಆ ಅಂಜಿಕೆ ಗೊತ್ತಿದ್ದವಳು ಅವಳೊಬ್ಬಳೇ. ಗಂಡನಿಗೂ ನಾನು ಹೇಳಿರಲಿಲ್ಲ. ಆದ್ದರಿಂದ ಮಸ್ಕಿಗೆ, ಅಕ್ಕನಿಗೇ ಫೋನ್ ಮಾಡಿದೆ.

“ನಾ ಬರ್ತೀನಿ, ನೀ ಯಾಕ ಅಂಜತೀಬೇ?” ಎಂದಳು. “ಲಿಂಗ ನನ್ನ ಅಂಗೈಯಾಗ ಇಟ್ಕೊಂಡು ಬಾಗಲದಾಗ ಕುಂದರ್ತೀನಿ. ನೀ ಹೊರಗ ಬರೋತನಕ ಏಳಂಗಿಲ್ಲ. ಸಾಕಾ?”

ಸಾಕು ಎನಿಸಿತ್ತು. ಅಂಗಡಿ ಮುಚ್ಚಿ ಬರಲೇನು ಎಂದು ಗಂಡ ಕೇಳಿದರೆ, ಬೇಡ ಎಂದೆ. ಅಕ್ಕ ಇದ್ದಳಲ್ಲ.

ಸ್ಕ್ಯಾನಿನ ಕೋಣೆಯ ಮುಂದೆ ಲಿಂಗ ತೆಗೆದು, ಕಣ್ಣಿಗೊತ್ತಿಕೊಂಡು, ಅವಳ ಅಂಗೈಯಲ್ಲಿಟ್ಟೆ. ಕೈ ಬಿಡಲು ಮನಸ್ಸಾಗಲಿಲ್ಲ. “ಬಿಟ್ಟು ಹೋಗಬ್ಯಾಡಕ್ಕಾ” ಎಂದೆ. “ಹುಚ್ಚಿ, ನಡಿ” ಎಂದು ಬೆನ್ನು ತಟ್ಟಿದಳು.

ಒಳಗೆ ಅಕ್ಕಿ ಗಿರಣಿಯನ್ನು ಕಿವಿಗೇ ಕಟ್ಟಿದಂಥ ಸದ್ದು. ಮುಖದ ಮೇಲೆಯೇ ಬಿಳಿ ಗೋಡೆ. ತಡೆಯಲಾಗದಿದ್ದರೆ ಒತ್ತಿರೆಂದು ಯಂತ್ರ ನಡೆಸುವವನು ಕೈಗೊಂದು ರಬ್ಬರ್ ಚೆಂಡು ಕೊಟ್ಟಿದ್ದ. ನಾನು ಒತ್ತಲಿಲ್ಲ. ಕಣ್ಣು ಮುಚ್ಚಿ ಅಕ್ಕನ ಅಂಗೈಯನ್ನೇ ನೆನೆದೆ. ನನ್ನ ಶಿವ ಅಲ್ಲಿದ್ದಾನೆ, ನಾನೂ ಅಲ್ಲೇ ಇದ್ದೇನೆ ಎಂದುಕೊಂಡೆ. ಅದೊಂದರ ಮೇಲೆಯೇ ಅಷ್ಟು ಹೊತ್ತು ಜೀವ ಹಿಡಿದೆ.

ಹೊರಗೆ ಬಂದರೆ ಅಕ್ಕನಿಲ್ಲ. ಬೆಂಚಿನ ಮೇಲೆ ಅವಳಿದ್ದ ಜಾಗದಲ್ಲಿ ಬಿಳಿ ಶಂಖದ ಬಳೆ ತೊಟ್ಟ ಒಬ್ಬ ವಯಸ್ಸಾದ ಹೆಂಗಸು ಕೂತಿದ್ದರು, ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನ ಬಂಗಾಲಿಯವರು. ತೊಡೆಯ ಮೇಲೆ ಸೆರಗು ಹಾಸಿ, ಅದರ ನಡುವೆ ನನ್ನ ಲಿಂಗ ಇಟ್ಟುಕೊಂಡಿದ್ದರು.

“ನಿಮ್ದು ದೇವ್ರು,” ಎಂದರು ತಮ್ಮ ಅರೆಬರೆ ಕನ್ನಡದಲ್ಲಿ. “ನಿಮ್ ಅಕ್ಕ ಕೊಟ್ಟಿ ಹೋಯ್ತು. ನಾನ್ ನೆಲ ಇಟ್ಟಿಲ್ಲ, ಅಮ್ಮಾ.”

ಅವರ ಕಾಲಿಗೆ ಬೀಳಬೇಕೆನಿಸಿತು. ಸಣ್ಣ ದಯೆಗಳನ್ನು ನೆನೆದು ಮಲಗುವ ಅಭ್ಯಾಸ ನನಗಿದೆ. ಆ ದಿನದ ದಯೆ ಆ ಸೆರಗು.

ಅಕ್ಕ ಸೀರೆ ಅಂಗಡಿಯ ಚೀಲ ಹಿಡಿದು ನಗುತ್ತ ಬಂದಳು. ನನ್ನ ಮುಖ ನೋಡಿ, “ಏನಾತು ಈಗ? ಲಿಂಗ ಎದ್ದು ಓಡಿ ಹೋಗಿತ್ತೇನು? ಸಿಂಧನೂರಿಗೆ ದಿನಾ ಬರ್ತೀನೇನಬೇ ನಾ?” ಎಂದಳು. ಲಿಂಗ ಕಟ್ಟಿಕೊಂಡ ಮೇಲೆ ನೀರು ಕುಡಿದೆ. 

ಅಷ್ಟಕ್ಕೇ ಮುಗಿದಿದ್ದರೆ ಮರೆಯುತ್ತಿದ್ದೆನೇನೋ. ಲಿಂಗಸುಗೂರಿನಲ್ಲಿ ಅಣ್ಣನ ಬಸುರಿ ಸೊಸೆಯ ಕುಬುಸಕ್ಕೆ ಹೆಂಗಸರೆಲ್ಲ ಸೇರಿದ್ದೆವು. ಊಟದ ಪಂಕ್ತಿಯಲ್ಲಿ ಅಕ್ಕ ಎದ್ದು ನಿಂತು, ಸೆರಗು ಬಾಯಿಗೆ ಹಿಡಿದು, ನನ್ನ ದನಿಯಲ್ಲೇ, “ಬಿಟ್ಟು ಹೋಗಬ್ಯಾಡಕ್ಕಾ!” ಎಂದು ಅಭಿನಯಿಸಿದಳು. ಕಣಜದ ಕಥೆಯನ್ನೂ ಬಿಡಲಿಲ್ಲ.

“ದಿನಾ ಲಿಂಗಪೂಜಿ ಮಾಡಾಕಿ ಹಿಂಗ್ಯಾಕ ಅಂಜತಾಳ?” ಎಂದು ಯಾರೋ ಕೇಳಿದರು.

“ಪೂಜಿ ಬಾಯಾಗ, ಅಂಜಿಕಿ ಹೊಟ್ಟ್ಯಾಗ!” ಎಂದಳು ಅಕ್ಕ. ಬಡಿಸುತ್ತಿದ್ದವರೂ ನಕ್ಕರು. ನನ್ನ ಎಲೆಯ ಮೇಲಿನ ಹೋಳಿಗೆ ಹಾಗೆಯೇ ಉಳಿಯಿತು.

ಮರುದಿನದಿಂದ ಪೂಜೆಗೆ ಕೂತರೆ ಆ ಮಾತೇ ಕೇಳುತ್ತಿತ್ತು. ನಂಬಿದವಳಿಗೆ ಅಂಜಿಕೆ ಇರಬಾರದಲ್ಲವೇ? ಹಾಗಾದರೆ ಇಷ್ಟು ವರ್ಷ ವಿಭೂತಿ ಹಚ್ಚಿದ್ದೆಲ್ಲ ಸುಳ್ಳೇ? ಅದೇ ಹೊತ್ತಿಗೆ, ತಲೆಸುತ್ತು ಇನ್ನೂ ನಿಲ್ಲದ್ದರಿಂದ, ಡಾಕ್ಟರರು ಮತ್ತೊಮ್ಮೆ ಸ್ಕ್ಯಾನ್ ಮಾಡಿಸಲು ಹೇಳಿದರು. ಹೋಗುವುದಿಲ್ಲ ಎಂದುಬಿಟ್ಟೆ. ಗಂಡ ರೇಗಿದರು. ನಾನು ಕಾರಣ ಹೇಳಲಿಲ್ಲ. ಹೇಳಿದರೆ ಇವರೂ ನಕ್ಕರೆ?

ಒಂದು ಬೆಳಿಗ್ಗೆ ಲಿಂಗವನ್ನು ಎಡಗೈಯಲ್ಲಿಟ್ಟು ಕೂತಿದ್ದೆ. ಸ್ಕ್ಯಾನಿನ ನೆನಪಿಗೇ ಕೈ ನಡುಗಿತು, ಕೈಯೊಡನೆ ಲಿಂಗವೂ ನಡುಗಿತು. ಆಗ ತಿಳಿಯಿತು. ಕೊರಳಲ್ಲಿದ್ದಾಗ ಈ ಶಿವ ಇರುವುದು ನನ್ನ ಎದೆಯ ಮೇಲೆಯೇ. ಎದೆ ಯಾವಾಗ ಹೇಗೆ ಬಡಿದುಕೊಂಡಿತೆಂದು ಅಕ್ಕನಿಗಿಂತ, ಡಾಕ್ಟರರಿಗಿಂತ ಮೊದಲು ಇವನಿಗೆ ಗೊತ್ತು. ನಾನು ಅಂಜುವವಳೆಂದು ಇವನಿಗೆ ಹೊಸದಾಗಿ ಚಾಡಿ ಹೇಳುವವರು ಯಾರು? ಲೋಕ ಹಿಡಿಯಲಾರದವನು ನನ್ನ ಸಣ್ಣ ಅಂಗೈಗೆ ಒಗ್ಗುವಷ್ಟಾಗಿ ಬಂದು ಕೂತಿದ್ದಾನೆ. ನನ್ನ ಅಳತೆ ಗೊತ್ತಿಲ್ಲದೆಯೇ ಬಂದನೇ? ಅತ್ತೆ. ಬಹಳ ದಿನದ ಮೇಲೆ ಹಗುರಾಗಿ ಅತ್ತೆ.

ಅಕ್ಕನನ್ನು ಕ್ಷಮಿಸಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಅವಳಿಗೂ ಒಂದು ಅಳತೆ ಇದೆ ಎಂದು ಬುದ್ಧಿ ಹೇಳುತ್ತದೆ. ಹೊಟ್ಟೆ ಇನ್ನೂ ಉರಿಯುತ್ತದೆ. ಅದೂ ಅವನಿಗೆ ಗೊತ್ತಿರಲಿ.

ಸ್ಕ್ಯಾನಿಗೆ ಹೋದೆ. ಅಕ್ಕ ಬರುತ್ತೇನೆಂದರೆ ಬೇಡವೆಂದೆ. ಗಂಡನಿಗೆ ಎಲ್ಲ ಹೇಳಿದೆ, ಅವರು ನಗಲಿಲ್ಲ, “ಮೊದ್ಲ ಹೇಳಬಾರದೇನು?” ಎಂದಷ್ಟೇ ಬೈದು ಲಿಂಗಕ್ಕೆ ಕೈಚಾಚಿದರು. ಯಂತ್ರದೊಳಗೆ ಈ ಸಲ ಯಾರ ಅಂಗೈಯನ್ನೂ ನೆನೆಯಲಿಲ್ಲ. “ಶಿವನೇ, ಅಂಜಿಕಿ ಆಗಾಕತ್ತೈತಿ” ಎಂದು ನೇರವಾಗಿಯೇ ಹೇಳಿದೆ. ತಡೆಯಲಾಗದೆ ಚೆಂಡು ಒತ್ತಿದೆ. ಹೊರಗೆಳೆದರು. ಅಳು ನಿಂತ ಮೇಲೆ, “ಇನ್ನೊಮ್ಮೆ ಹೋಗ್ತೀನ್ರಿ” ಎಂದೆ. ಮುಗಿಸಿದೆ.

ಮನೆಗೆ ಬರುವಷ್ಟರಲ್ಲಿ ಅಕ್ಕನ ಫೋನು.

“ಈ ಸಲಾನೂ ಅಂಜಿದೇನಬೇ?”

“ಹೂನಕ್ಕಾ, ಅಂಜಿದೆ. ಅತ್ತುಬಿಟ್ಟೆ ಸೈತ. ಯಾರ್‍ಯಾರಿಗೆ ಹೇಳ್ತಿ, ಹೇಳ್ಕೋ.”

 ನಾನು ಫೋನಿಟ್ಟು, ಕೈಕಾಲು ತೊಳೆದು, ಪೂಜೆಗೆ ಕೂತೆ.