ಭಾವನ ಪದ್ಯಕ್ಕೆ ನನ್ನ ಸುತ್ತಿಗೆ

"ಮೌನವೇ ನನ್ನ ಗುರು" ಎಂದು ನಮ್ಮ ಭಾವ ಪೇಪರಿನವರಿಗೆ ಹೇಳಿದ್ದಾರೆ. ಫೋಟೋ ಬೇರೆ ಬಂದಿದೆ, ಗಲ್ಲಕ್ಕೆ ಕೈ ಕೊಟ್ಟು ಕಿಟಕಿಯಾಚೆ ನೋಡುತ್ತಿರುವುದು. ಓದಿದ ದಿನ ಮೈಯೆಲ್ಲ ಉರಿದಿತ್ತು, ಈಗಲೂ ಉರಿಯುತ್ತದೆ. ಮಕ್ಕಳ ಕವಿ ಎಂದು ಊರೆಲ್ಲ ಹೊಗಳುವ ಈ ಮನುಷ್ಯ ಅಷ್ಟೂ ಪದ್ಯ ಕಟ್ಟಿದ್ದು ನನ್ನ ತಗಡಿನ ಅಂಗಡಿಯಲ್ಲಿ ಕೂತು. ಡಬ್ಬಿ, ಬಕೆಟ್ಟು, ಟ್ರಂಕು ಬಡಿಯುವ ಸದ್ದಿಗೆ ಪಕ್ಕದ ಅಂಗಡಿಯ ದರ್ಜಿ ಕಿವಿಗೆ ಹತ್ತಿ ತುರುಕಿಕೊಂಡು ಹೊಲಿಯುತ್ತಾನೆ. ಅಲ್ಲಿ ಮೌನ ಯಾವ ಬಾಗಿಲಿಂದ ಬಂತೋ ನಾನಂತೂ ನೋಡಲಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಮದುವೆಯಾದ ಹೊಸದರಲ್ಲಿ ಅವರು ದೊಡ್ಡವರಿಗೆ ಮಾತ್ರ ಬರೆಯುತ್ತಿದ್ದರು. ಶೂನ್ಯ, ಬೂದಿ, ನೆರಳು, ಮತ್ತೆ ಶೂನ್ಯ. ಒಂದು ಪುಸ್ತಕವೂ ಅಚ್ಚಾಯಿತು. "ತುಂಬಾ ಆಳವಾಗಿದೆ" ಎನ್ನುತ್ತಲೇ ಜನ ಚಪ್ಪಲಿ ಹುಡುಕುತ್ತಿದ್ದರು. ಉಳಿದ ಪ್ರತಿಗಳನ್ನೆಲ್ಲ ಅಕ್ಕ ನನ್ನ ಅಂಗಡಿಯ ಅಟ್ಟಕ್ಕೆ ಸಾಗಿಸಿದಳು.

"ಮನೇಲಿಟ್ರೆ ನೋಡಿ ನೋಡಿ ಇನ್ನೊಂದು ಬರೀತಾರೆ ಕಣೋ" ಎಂದಳು.

ಅವರ ಮನೆಯಲ್ಲಿ ಕೂತು ಬರೆಯಲು ಜಾಗವಿರಲಿಲ್ಲ. ಅದಕ್ಕೇ ಭಾವ ನನ್ನ ಅಂಗಡಿಗೆ ಬಂದು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂರುತ್ತಿದ್ದರು. ಒಂದು ದಿನ ಯಾರೋ ಗಿರಾಕಿ ಬಂದು ನಾನು ಮಾಡಿಕೊಟ್ಟ ಬಕೆಟ್ಟು ಸೋರುತ್ತದೆ ಎಂದ. ನೆಲದ ಮೇಲೆ ಎಳೆದಾಡಿ ತಳ ಸವೆಸಿದವನು ಅವನೇ. ನನ್ನ ಸಿಟ್ಟು ನೆತ್ತಿಗೇರಿತು. ಬೈಯುತ್ತಾ ಬಡಿದೆ, ಬಡಿಯುತ್ತಾ ಬೈದೆ. ಸುತ್ತಿಗೆ ತಕತಕ ಕುಣಿಯಿತು. ನೋಡಿದರೆ ಭಾವನ ಕಾಲೂ ಕುಣಿಯುತ್ತಿದೆ. ಗಿರಾಕಿ ಹೋಗುವಷ್ಟರಲ್ಲಿ ಪದ್ಯ ಸಿದ್ಧ:

ಹೆಗ್ಗಣ ಬಂತು ಬಗ್ಗಿ ಬಗ್ಗಿ
ಮುಗ್ಗರಿಸಿತು ಮೂಟೆಗೆ ನುಗ್ಗಿ

ಬೀದಿಯ ಮಕ್ಕಳೆಲ್ಲ ಅದನ್ನೇ ಒದರಿಕೊಂಡು ಓಡಾಡಿದರು. ಒಂದು ಮಕ್ಕಳ ಪತ್ರಿಕೆಯಲ್ಲೂ ಬಂತು. ಅದನ್ನು ಕಂಡು ಒಬ್ಬ ಪ್ರಕಾಶಕ, ಶಾಲೆ ಶುರುವಾಗುವುದರೊಳಗೆ ಇಂಥವೇ ಒಂದು ಪುಸ್ತಕದಷ್ಟು ಕೊಡಿ, ತಡವಾದರೆ ಬೇಡ ಎಂದ.

ಅಕ್ಕನೂ ಕಡ್ಡಿ ಮುರಿದ ಹಾಗೆ ಹೇಳಿದಳು: "ಈ ಪುಸ್ತಕ ಆದ್ರೆ ಕವಿಯಾಗಿರಿ. ಆಗ್ಲಿಲ್ಲ ಅಂದ್ರೆ ಬರೆಯೋದು ಬಿಟ್ಟು ನಮ್ಮ ಮಾವನ ಗೋದಾಮಿಗೆ ಗುಮಾಸ್ತರಾಗಿ ಹೋಗಿ. ಮೂಟೆ ಎಣಿಸೋಕೆ ಪ್ರಾಸ ಬೇಕಾಗಲ್ಲ."

ಭಾವ ಒಪ್ಪಿದರು. ಒಪ್ಪುವಾಗ ಹಲ್ಲು ಕೀಳಿಸಿಕೊಳ್ಳುವವರ ಹಾಗೆ ಕೂತಿದ್ದರು.

ಅಂದಿನಿಂದ ಭಾವ ದಿನಾ ಬಂದರು, ನನಗೆ ಸಿಟ್ಟೂ ದಿನಾ ಬಂತು. "ಈ ಮುಚ್ಚಳ ಸ್ವಲ್ಪ ಸೊಟ್ಟ ಅಲ್ವೇನಯ್ಯಾ?" ಎನ್ನುವರು. "ದರ್ಜಿ ಹೇಳ್ತಿದ್ದ, ನಿನ್ನ ಬೆಸುಗೆ ಹಕ್ಕಿ ಹಿಕ್ಕೆ ಹಾಕಿದ ಹಾಗಿರುತ್ತಂತೆ" ಎನ್ನುವರು. ನಾನು ದರ್ಜಿಯ ವಂಶವನ್ನೆಲ್ಲ ಜಾಲಾಡುತ್ತಾ ಬಡಿಯುವೆ, ಅವರು ತಲೆ ತಗ್ಗಿಸಿ ಬರೆಯುವರು. ಕವಿಗಳಿಗೆ ಮಾತಿನಲ್ಲಿ ನಯವಿರುವುದಿಲ್ಲ ಅಂದುಕೊಂಡಿದ್ದೆ.

ಗುಟ್ಟು ಬಿಟ್ಟುಕೊಟ್ಟವಳು ಅಕ್ಕ. "ನಿಂಗೆ ಸಿಟ್ಟು ಬಂದ ದಿನ ಎರಡು ಪದ್ಯ ಕಣೋ. ಸಮಾಧಾನವಾಗಿದ್ದ ದಿನ ಶೂನ್ಯ, ಬೂದಿ. ಅದಕ್ಕೇ ಕೆಣಕ್ತಾರೆ ಪಾಪ."

ಪಾಪ ಅಂತೆ. ಮನುಷ್ಯನನ್ನು ತಾಳ ಮಾಡಿಕೊಂಡು ಬಾರಿಸುವುದು ಯಾವ ನ್ಯಾಯ? ಇನ್ನು ಸಿಟ್ಟಾಗಬಾರದು ಎಂದು ಹಟ ಹಿಡಿದೆ. ಮಾರನೆಯ ದಿನ ಭಾವ ಮುಚ್ಚಳ ಸೊಟ್ಟ ಎಂದರು.

"ಹೌದು ಭಾವ, ನಿಮ್ಮ ಕಣ್ಣು ಬಹಳ ಚುರುಕು" ಎಂದೆ.

ಸುತ್ತಿಗೆ ಸೋರುವ ನಲ್ಲಿಯ ಹಾಗೆ ಟಕ್... ಟಕ್... ಎಂದಿತು. ದರ್ಜಿ ಕಿವಿಯ ಹತ್ತಿ ತೆಗೆದು ಇಣುಕಿದ.

"ಏನಪ್ಪಾ, ಮೈಗೆ ಹುಷಾರಿಲ್ವಾ?"

"ಚೆನ್ನಾಗಿದ್ದೀನಿ. ನಿಮ್ಮ ಮನೆಯಲ್ಲೆಲ್ಲ ಕ್ಷೇಮವೇ?"

ಅವನು ಹೆದರಿ ಒಳಗೆ ಹೋದ.

ಪುಸ್ತಕಕ್ಕೆ ಒಂದೇ ಪದ್ಯ ಬಾಕಿಯಿತ್ತು. ಅದರಲ್ಲೊಂದು ಕೋತಿ ಬಸ್ಸು ಹತ್ತಿ ಕೂತಿತ್ತು, ಇಳಿಯುತ್ತಿರಲಿಲ್ಲ. ಭಾವ ಪೆನ್ಸಿಲ್ಲು ಕಚ್ಚಿದರು. ನನ್ನ ಮೂಗನ್ನು ಬೈದರು, ನನ್ನ ಅಡುಗೆಯನ್ನು ಬೈದರು. ನಾನು ನಕ್ಕೆ. ಕೋತಿ ಕೂತೇ ಇತ್ತು.

ಕೊನೆಗೆ ಪ್ರಕಾಶಕ ಹೇಳಿದ ಗಡುವಿನ ದಿನವೂ ಬಂತು. ಭಾವ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದರು, ಹಿಂದೆ ಅಕ್ಕ. ಗೋದಾಮಿನ ಮಾವನನ್ನು ನೋಡಲು ಹೊರಟಿದ್ದರು. ಭಾವ ಜೇಬಿನಿಂದ ಪೆನ್ಸಿಲ್ಲು ತೆಗೆದು ನನ್ನ ಮುಂದಿಟ್ಟರು.

"ನೀನೇ ಇಟ್ಕೋ. ತಗಡಿಗೆ ಗೆರೆ ಹಾಕೋಕಾದ್ರೂ ಆಗುತ್ತೆ."

ಪೆನ್ಸಿಲ್ಲಿನ ತುದಿಯ ತುಂಬ ಹಲ್ಲಿನ ಗುರುತು. ನನ್ನ ಹಟಕ್ಕೆ ಅವರ ಬದುಕು ಗೋದಾಮು ಸೇರುವುದು ಬೇಡ ಎನಿಸಿತು. ಬೇಕರಿಯವನ ಟ್ರೇ ಮುಂದಿತ್ತು, ಅಂಚು ನೇರ ಮಾಡಲು ಕೊಟ್ಟಿದ್ದ. ಸುತ್ತಿಗೆ ಎತ್ತಿಕೊಂಡೆ.

"ಬೈಯ್ರಿ ಭಾವ" ಎಂದೆ.

"ಹೇಗಯ್ಯಾ ಬೈಲಿ? ನೀನು ಒಳ್ಳೆಯವನಾಗಿಬಿಟ್ಟಿದ್ದೀಯ."

ನಾನೇ ಹಳೆಯ ಜಗಳಗಳನ್ನೆಲ್ಲ ನೆನೆಸಿಕೊಂಡೆ. ಬರಲಿಲ್ಲ. ಹಲ್ಲು ಕಚ್ಚಿದೆ. ಆಕಳಿಕೆ ಬಂತು.

ಅಕ್ಕ ಸೆರಗು ಸರಿಮಾಡಿಕೊಂಡಳು. "ನಡೀರಿ, ಹೊತ್ತಾಯ್ತು. ಹುಟ್ಟಿದಾಗಿನಿಂದ ಇವನಿಗೆ ಬರ್ತಿದ್ದಿದ್ದು ಸಿಟ್ಟೊಂದೇ ವಿದ್ಯೆ. ಅದನ್ನೂ ನೆಟ್ಟಗೆ ಕಲೀಲಿಲ್ಲ."

ಅಷ್ಟೇ. ಕಣ್ಣು ಕೆಂಪಾಯಿತು. ನನ್ನ ಕೈಕೆಲಸ ವಿದ್ಯೆಯಲ್ಲವೇ, ನಿನ್ನ ಮದುವೆಯ ಟ್ರಂಕು ಮಾಡಿದವನು ಯಾರು ಎಂದು ಕೂಗುತ್ತಾ ಟ್ರೇ ಮೇಲೆ ಬಡಿದೆ, ಬಡಿದೆ, ಬಡಿದೆ. ಭಾವ ಪೆನ್ಸಿಲ್ಲು ಕಸಿದುಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು, ಇಸ್ತ್ರಿ ಶರ್ಟಿಗೆ ಎಣ್ಣೆ ಮಸಿ ಮೆತ್ತಿತು. ನನಗೆ ಉಸಿರು ಕಟ್ಟುವಷ್ಟರಲ್ಲಿ ಕೋತಿ ಬಸ್ಸಿಳಿದು, ಕಂಡಕ್ಟರನ ಟೋಪಿ ಹಾಕಿಕೊಂಡು ಓಡಿಹೋಗಿತ್ತು.

ಪುಸ್ತಕ ಬಂತು, ಅದರ ಹಿಂದೆ ಇನ್ನಷ್ಟು ಬಂದವು. ಭಾವ ಗೋದಾಮಿನ ಕಡೆ ತಲೆ ಹಾಕಿ ಮಲಗಲಿಲ್ಲ.

ಆ ಟ್ರೇ ಮಾತ್ರ ನಡುವೆ ಉಬ್ಬಿತ್ತು. ಅದರಲ್ಲಿ ಬೇಯಿಸಿದ ಬನ್ನಿಗೆಲ್ಲ ತಳದಲ್ಲಿ ಗುಂಡಿ. "ಬೇಕರಿಯವನಿಗೆ ನಾನೇ ಹೇಳ್ತೀನಿ ಕಣಯ್ಯಾ, ತಪ್ಪು ನಿನ್ನದಲ್ಲ, ನನ್ನ ಕೋತಿಯದು ಅಂತ" ಎಂದು ಭಾವ ಅವತ್ತೇ ಮಾತು ಕೊಟ್ಟಿದ್ದರು. ಬೇಕರಿಯವನು ಈಗ ತನ್ನ ಟ್ರೇಗಳನ್ನು ಊರಿನ ಆ ತುದಿಯ ಅಂಗಡಿಗೆ ಒಯ್ಯುತ್ತಾನೆ, ನನ್ನ ಬಾಗಿಲ ಮುಂದೆಯೇ, ಮುಖ ಆ ಕಡೆ ತಿರುಗಿಸಿಕೊಂಡು. ಭಾವ ದಿನಾ ಸಂಜೆ ಅವನ ಹತ್ತಿರವೇ ಬನ್ನು ಕೊಳ್ಳುತ್ತಾರೆ. ಅವನ ಮಗುವಿಗೆ ಪದ್ಯವನ್ನೂ ಹೇಳಿಕೊಡುತ್ತಾರೆ. ಆ ಒಂದು ಮಾತು ಮಾತ್ರ ಇನ್ನೂ ಹೇಳಿಲ್ಲ.